ನಾಯಿಗೆ ಯಾವ ಹಾಸಿಗೆ? ಗೋಣಿಚೀಲದಿಂದ ಮೆಮೊರಿ ಫೋಮ್‌ವರೆಗೆ ಒಂದು ಹೋಲಿಕೆ

ಅಂಗಡಿಯಲ್ಲಿ ನಾಯಿ ಹಾಸಿಗೆ ನೋಡುವವರ ಕೈ ಮೊದಲು ಮೇಲ್ಬಟ್ಟೆಯನ್ನು ಸವರುತ್ತದೆ. ಮೆತ್ತಗಿದೆ, ಬಣ್ಣ ಸೋಫಾಗೆ ಹೊಂದುತ್ತದೆ, ಸರಿ, ಬಿಲ್ ಮಾಡಿ. ಜುಲೈ ತಿಂಗಳಲ್ಲಿ ಅದೇ ಹಾಸಿಗೆಯ ಮೇಲೆ ನಾಯಿ ಒದ್ದೆ ಮೈಯಲ್ಲಿ ಬಂದು ಮಲಗಿ, ಮೂರನೇ ದಿನಕ್ಕೆ ಮನೆಯೆಲ್ಲ ಮುಗ್ಗಲು ವಾಸನೆ ಹೊಡೆದಾಗ ಗೊತ್ತಾಗುತ್ತದೆ, ಕೇಳಬೇಕಿದ್ದ ಪ್ರಶ್ನೆಯೇ ಬೇರೆ ಎಂದು. ಇದರ ಕವರು ಬಿಚ್ಚಲು ಬರುತ್ತದೆಯೇ? ಒಳಗಿನದು ನೆನೆದರೆ ಎಷ್ಟು ದಿನಕ್ಕೆ ಒಣಗುತ್ತದೆ?

ಹೋಲಿಸುವಾಗ ಎರಡು ಸಂಗತಿ ಹಿಡಿದುಕೊಂಡರೆ ಸಾಕು. ಮಲಗಿದ ನಾಯಿಯ ಮೊಣಕೈ ನೆಲಕ್ಕೆ ತಾಗಬಾರದು. ಹಾಸಿಗೆಯನ್ನು ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಮಳೆಗಾಲದಲ್ಲಿ ಒಗೆದು ಒಣಗಿಸಲು ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಎಷ್ಟು ದುಡ್ಡು ಕೊಟ್ಟರೂ ದಂಡ. ಹಾಸಿಗೆಯ ಮೇಲಿನ ಮೂಳೆಯ ಚಿತ್ರ ನಮ್ಮ ಖುಷಿಗೆ, ನಾಯಿಗಲ್ಲ.

ಮೊದಲು ಅಳತೆ

ನಾಯಿ ಗಾಢ ನಿದ್ದೆಯಲ್ಲಿ ಅಡ್ಡಬಿದ್ದಿರುವಾಗ ಟೇಪು ಹಿಡಿಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಎಷ್ಟಿದೆಯೋ ಅದಕ್ಕೆ 6ರಿಂದ 8 ಇಂಚು ಸೇರಿಸಿ, ಅದು ಹಾಸಿಗೆಯ ಉದ್ದ. ಬಾಲ ಲೆಕ್ಕಕ್ಕಿಲ್ಲ. ಬೆನ್ನಿನಿಂದ ಚಾಚಿದ ಪಾದದ ತುದಿಯವರೆಗಿನ ಅಳತೆ ಅದರ ಅಗಲ. ನಮ್ಮ ನಾಯಿ ಸದಾ ಸುರುಳಿ ಸುತ್ತಿಯೇ ಮಲಗುತ್ತದೆ ಎಂದು ಚಿಕ್ಕದು ತರುವ ಮುನ್ನ ಬೇಸಿಗೆಯಲ್ಲೊಮ್ಮೆ ನೋಡಿ. ಡಿಸೆಂಬರ್‌ನಲ್ಲಿ ಚಕ್ಕುಲಿಯಂತೆ ಸುತ್ತಿಕೊಳ್ಳುವ ನಾಯಿಯೇ ಏಪ್ರಿಲ್‌ನಲ್ಲಿ ನಾಲ್ಕೂ ಕಾಲು ಚಾಚಿ ಬಿದ್ದಿರುತ್ತದೆ.

ಅಂದಾಜಿಗೆ ಹೇಳುವುದಾದರೆ ಪಗ್, ಸ್ಪಿಟ್ಜ್ ಗಾತ್ರಕ್ಕೆ 28×20 ಇಂಚು, 15–20 ಕಿಲೋ ತೂಗುವ ನಮ್ಮ ನಾಡನಾಯಿಗೆ 36×24, ಲ್ಯಾಬ್ರಡಾರ್‌ಗೆ 42×30, ಗ್ರೇಟ್ ಡೇನ್‌ನಂಥ ಆನೆಮರಿಗೆ 54×36. ಮುಧೋಳ ನಾಯಿ ಲ್ಯಾಬ್ರಡಾರ್‌ಗಿಂತ ಹಗುರ, ಆದರೆ ಕಾಲು ಉದ್ದ. ತೂಕ ನೋಡಿ ಮಧ್ಯಮ ಗಾತ್ರದ್ದು ಕೊಂಡರೆ ಅದರ ಕಾಲೆಲ್ಲ ನೆಲದ ಮೇಲೇ ಉಳಿಯುತ್ತದೆ. ಪೆಟ್ಟಿಗೆಯ ಮೇಲಿನ ‘ಮೀಡಿಯಂ’, ‘ಲಾರ್ಜ್’ ಎಂಬ ಹೆಸರುಗಳನ್ನು ನಂಬಬೇಡಿ. ಒಬ್ಬರ ಲಾರ್ಜ್ ಇನ್ನೊಬ್ಬರ ಮೀಡಿಯಂ ಆಗಿರುತ್ತದೆ. ಅಂಚಿನಲ್ಲಿ ದಿಂಬಿನಂಥ ದಂಡೆ ಇರುವ ಹಾಸಿಗೆಯಾದರೆ ಒಳಗಿನ ಮಲಗುವ ಜಾಗವನ್ನಷ್ಟೇ ಅಳೆಯಿರಿ. ಹೊರಗಿನ ಅಳತೆ 36 ಇಂಚು ಇದ್ದು, ಎರಡೂ ಕಡೆ 5 ಇಂಚಿನ ದಂಡೆ ಕಳೆದರೆ ನಾಯಿಗೆ ಸಿಗುವುದು 26 ಇಂಚು ಮಾತ್ರ.

ಮೊಣಕೈ ಹೇಳುವ ಮಾತು

ನಾಯಿ ಮಲಗಲು ಕೂರುವಾಗ ಮುಂಗಾಲಿನ ಮೊಣಕೈಯನ್ನು ಮೊದಲು ನೆಲಕ್ಕೆ ಕುಕ್ಕುತ್ತದೆ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಶಹಾಬಾದ್ ಕಲ್ಲಿನ ಮೇಲೆ ದಿನಕ್ಕೆ ಹತ್ತಾರು ಸಲ ಹೀಗಾದರೆ ಅಲ್ಲಿ ಕೂದಲು ಉದುರಿ ಚರ್ಮ ಬೂದು ಬಣ್ಣಕ್ಕೆ ತಿರುಗಿ ಜಡ್ಡುಗಟ್ಟುತ್ತದೆ. ಜಡ್ಡು ಅಷ್ಟೇನೂ ಅಪಾಯವಲ್ಲ, ಅದು ಮೈ ತಾನೇ ಮಾಡಿಕೊಂಡ ರಕ್ಷಣೆ. ಆದರೆ ದೊಡ್ಡ ತಳಿಯ ಎಳೆಯ ನಾಯಿಗಳಲ್ಲಿ ಜಡ್ಡು ಬೆಳೆಯುವ ಮೊದಲೇ ಪೆಟ್ಟು ಬಿದ್ದು ಚರ್ಮದ ಕೆಳಗೆ ನೀರು ತುಂಬಿದ ಮೆತ್ತನೆಯ ಗಡ್ಡೆ ಏಳುವುದುಂಟು. ಪಶುವೈದ್ಯರು ಅದನ್ನು ಹೈಗ್ರೋಮ ಎನ್ನುತ್ತಾರೆ. ಸೂಜಿ ಚುಚ್ಚಿ ನೀರು ತೆಗೆಯಲು ಹೋದರೆ ಸೋಂಕು ಸೇರಿಕೊಳ್ಳುವ ಭಯ, ತೆಗೆದರೂ ಮತ್ತೆ ತುಂಬುತ್ತದೆ. ಚಿಕ್ಕ ಗಡ್ಡೆಗೆ ಒಳ್ಳೆಯ ಹಾಸಿಗೆಯೇ ಚಿಕಿತ್ಸೆಯ ದೊಡ್ಡ ಪಾಲು.

ಮೈಯಲ್ಲಿ ಕೊಬ್ಬು ಕಡಿಮೆ ಇದ್ದಷ್ಟೂ ಈ ತೊಂದರೆ ಹೆಚ್ಚು. ಮುಧೋಳ, ಗ್ರೇಹೌಂಡ್, ಡಾಬರ್‌ಮನ್ ಇವುಗಳ ಎಲುಬು ಚರ್ಮಕ್ಕೆ ಅಂಟಿದಂತಿರುತ್ತದೆ. ಬೇಟೆ ನಾಯಿ ಗಟ್ಟಿ, ಅದಕ್ಕೇನು ಹಾಸಿಗೆ ಎಂಬ ಮಾತು ತಿರುಗುಮುರುಗು. ಹೊಲದ ಮಣ್ಣಿನಲ್ಲಿ ಗುಂಡಿ ತೋಡಿಕೊಂಡು ಮಲಗುತ್ತಿದ್ದ ನಾಯಿಗೆ ಮಣ್ಣೇ ಹಾಸಿಗೆಯಾಗಿತ್ತು. ಅದನ್ನು ಫ್ಲಾಟಿನ ಟೈಲ್ಸ್ ಮೇಲೆ ತಂದು ಬಿಟ್ಟವರು ಆ ಮಣ್ಣಿನ ಬದಲಿಗೆ ಏನಾದರೂ ಕೊಡಬೇಕು.

ಒಳಗಿನ ಫೋಮಿನ ದಪ್ಪಕ್ಕೆ ಹೀಗೊಂದು ಲೆಕ್ಕ ಇಟ್ಟುಕೊಳ್ಳಿ: 10 ಕಿಲೋ ಒಳಗಿನ ನಾಯಿಗೆ 2 ಇಂಚು, 10ರಿಂದ 25 ಕಿಲೋವರೆಗೆ 3 ಇಂಚು, 25ರಿಂದ 40ರವರೆಗೆ 4 ಇಂಚು, ಅದಕ್ಕೂ ಮೇಲೆ 5–6 ಇಂಚು. ಎಲುಬು ಕಾಣುವ ತಳಿಗೆ, ವಯಸ್ಸಾದ ನಾಯಿಗೆ ಒಂದು ಇಂಚು ಹೆಚ್ಚಿಗೆ. ಸರಿಯಾಗಿದೆಯೇ ಎಂದು ನೋಡಲು ನಾಯಿ ಮಲಗಿರುವಾಗ ಅಂಗೈಯನ್ನು ಹಾಸಿಗೆಯ ಅಡಿಗೆ, ಸೊಂಟ ಮತ್ತು ಮೊಣಕೈಯ ನೇರಕ್ಕೆ ತೂರಿಸಿ. ಮೇಲಿನ ಎಲುಬು ಕೈಗೆ ಒತ್ತಿದಂತೆ ಗೊತ್ತಾದರೆ ಆ ಫೋಮು ಸೋತಿದೆ. ಅಂಗಡಿಯಲ್ಲಾದರೆ ಮುಷ್ಟಿ ಕಟ್ಟಿ ಮೈಭಾರ ಬಿಟ್ಟು ಒತ್ತಿ. ಗೆಣ್ಣು ಕೌಂಟರಿಗೆ ತಾಗಿದರೆ ಅಲ್ಲೇ ಬಿಟ್ಟು ಬನ್ನಿ.

ಗೋಣಿ ಮತ್ತು ಕೌದಿ

ದುಡ್ಡು ಖರ್ಚಿಲ್ಲದ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಗೋಣಿಚೀಲ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ, ಹಾಳಾದರೆ ಎಸೆಯಬಹುದು. ಆದರೆ ದಪ್ಪವಿಲ್ಲ. ನಾಲ್ಕು ಮಡಿಕೆ ಹಾಕಿದರೂ ಒಂದು ವಾರದಲ್ಲಿ ಚಪ್ಪಟೆ. ಅದಕ್ಕಿಂತ ದೊಡ್ಡ ತೊಂದರೆ ನಾರು. ಕಚ್ಚುವ ಚಟದ ನಾಯಿ ಚೀಲದ ಬಾಯಿಯ ಹುರಿಯನ್ನು ಎಳೆದೆಳೆದು ನುಂಗಿದರೆ ಅದು ಕರುಳಿನಲ್ಲಿ ನೂಲಿನಂತೆ ಸಿಕ್ಕಿಕೊಂಡು ಕರುಳನ್ನೇ ನೆರಿಗೆಗಟ್ಟಿಸಿ ಕೊಯ್ಯುತ್ತದೆ. ಆಪರೇಷನ್‌ವರೆಗೂ ಹೋಗುವ ಸಂಗತಿ ಇದು. ಗೋಣಿ ಹಾಸುವುದಾದರೆ ಅಂಚಿನ ಹುರಿ ಬಿಚ್ಚಿ ತೆಗೆದು, ಅಂಚು ಮಡಚಿ ಹೊಲಿಯಿರಿ. ಧಾನ್ಯದ ಚೀಲವಾದರೆ ಒಗೆದು ಬಳಸಿ. ಗೊಬ್ಬರ, ಕೀಟನಾಶಕ ತುಂಬಿದ್ದ ಚೀಲ ಬೇಡವೇ ಬೇಡ. ಪ್ಲಾಸ್ಟಿಕ್ ಗೋಣಿ ಯಾವ ಕಾಲಕ್ಕೂ ಬೇಡ, ಮೈ ಬೇಯುತ್ತದೆ, ಎಳೆ ಬಿಟ್ಟುಕೊಳ್ಳುತ್ತದೆ.

ಕೌದಿಯ ದರ್ಜೆಯೇ ಬೇರೆ. ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದದ್ದು ಎಷ್ಟು ಒಗೆದರೂ ತಾಳುತ್ತದೆ, ಹತ್ತಿಯಂತೆ ಗಂಟು ಕಟ್ಟುವುದಿಲ್ಲ, ಬಿಸಿಲು ಕಂಡರೆ ಒಂದು ಹಗಲಿನಲ್ಲಿ ಒಣಗುತ್ತದೆ. 10 ಕಿಲೋ ಒಳಗಿನ ನಾಯಿಗೆ ಎರಡು ಮಡಿಕೆಯ ಕೌದಿ ಪೂರ್ತಿ ಹಾಸಿಗೆಯಾಗಬಲ್ಲದು. ದೊಡ್ಡ ನಾಯಿಗೆ ಫೋಮಿನ ಮೇಲಿನ ಹೊದಿಕೆಯಾಗಿ ಇದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗದು. ಮರಿಗಂತೂ ಮೊದಲ ಹಾಸಿಗೆ ಕೌದಿಯೇ ಆಗಲಿ. ಒಂದೇ ಎಚ್ಚರ: ಪೆಟ್ಟಿಗೆಯಿಂದ ತೆಗೆದ ಕೌದಿಯಲ್ಲಿ ನುಸಿ ಗುಳಿಗೆಯ ವಾಸನೆ ಇದ್ದರೆ ಒಗೆದು, ಎರಡು ದಿನ ಗಾಳಿಗೆ ಹಾಕಿ ಆಮೇಲೆ ಹಾಸಿ. ನ್ಯಾಫ್ತಲೀನ್ ನಾಯಿಗೆ ವಿಷ. ಮಡಿಕೆಯಲ್ಲಿ ಉಳಿದ ಒಂದು ಗುಳಿಗೆಯನ್ನು ಮರಿ ನುಂಗಿತೆಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಹೊರಸು, ಅಂದರೆ ಎತ್ತರದ ಮಂಚ

ಕಬ್ಬಿಣದ ಅಥವಾ ಪಿವಿಸಿ ಪೈಪಿನ ಚೌಕಟ್ಟಿಗೆ ಬಿಗಿಯಾಗಿ ಬಟ್ಟೆ ಎಳೆದು ಕಟ್ಟಿದ, ನೆಲದಿಂದ 6–8 ಇಂಚು ಎತ್ತರದ ಮಂಚಗಳು ಈಗ ಎಲ್ಲ ಕಡೆ ಸಿಗುತ್ತವೆ. ಉತ್ತರ ಕರ್ನಾಟಕದ ಹೊರಸಿನ ಮರಿ ಎನ್ನಬಹುದು. ಅಂಗಳದಲ್ಲಿ ಹೊರಸು ಹಾಕಿ ಮಲಗುವ ಜನ ಕಂಡುಕೊಂಡದ್ದೇ ಇಲ್ಲೂ ಸತ್ಯ. ಕೆಳಗಿನಿಂದ ಗಾಳಿ ಆಡಿದರೆ ಧಗೆ ಅರ್ಧ ಇಳಿಯುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತಣಿಯಬೇಕು, ಇಲ್ಲವೇ ಹೊಟ್ಟೆಯನ್ನು ತಣ್ಣನೆಯ ಜಾಗಕ್ಕೆ ಒತ್ತಬೇಕು. ಹೊಟ್ಟೆಯಡಿ ಗಾಳಿ ಹಾಯುವ ಜಾಲರಿ ಬಟ್ಟೆ ಅದಕ್ಕೆ ಹೇಳಿ ಮಾಡಿಸಿದ್ದು.

ಒಗೆಯುವ ವಿಷಯದಲ್ಲೂ ಇದೇ ಮೊದಲನೆಯದು. ಪೈಪಿನ ನೀರು ಹಾಯಿಸಿ ಉಜ್ಜಿದರೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಉಣ್ಣಿ ಅಡಗಲು ಫೋಮಿನ ಹೊಲಿಗೆಯಷ್ಟು ಸಂದುಗಳಿಲ್ಲ. ಇರುವೆ, ಗೆದ್ದಲು, ನೆಲದ ತೇವ ಯಾವುದೂ ನೇರ ತಾಗದು. ತೋಟದ ಮನೆ, ವರಾಂಡ, ಟೆರೇಸಿನ ನಾಯಿಗೆ ನಮ್ಮ ಮೊದಲ ಸಲಹೆ ಇದೇ.

ಕೆಡುವುದು ಎಲ್ಲಿ? ಮೊದಲು ಬಟ್ಟೆ ಜೋಲುತ್ತದೆ. ನಡುಭಾಗ ನೆಲದಿಂದ 3 ಇಂಚಿಗಿಂತ ಕೆಳಗಿಳಿದರೆ ನಾಯಿಯ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಮತ್ತೆ ಬಿಗಿಯಬೇಕು. ಹೊಲಿದುಬಿಟ್ಟ ಬಟ್ಟೆಗಿಂತ ಹಗ್ಗದಿಂದಲೋ ಸ್ಕ್ರೂಪಟ್ಟಿಯಿಂದಲೋ ಬಿಗಿಯಲು ಬರುವಂಥದ್ದು ಒಳ್ಳೆಯದು ಎನ್ನುವುದು ಇದಕ್ಕೇ. ಎರಡನೆಯದು ಮೂಲೆಯ ಬೋಲ್ಟು. ನಾಯಿ ಹತ್ತಿ ಇಳಿದು ಸಡಿಲವಾಗಿ ಕಿರ್ ಎನ್ನತೊಡಗಿದರೆ ಶಬ್ದಕ್ಕೆ ಹೆದರುವ ನಾಯಿ ಮತ್ತೆ ಹತ್ತುವುದೇ ಇಲ್ಲ. ತಿಂಗಳಿಗೊಮ್ಮೆ ಸ್ಪ್ಯಾನರ್ ಹಾಕಿ. ಕರಾವಳಿಯಲ್ಲಾದರೆ ಬಣ್ಣ ಕೆರೆದ ಜಾಗದಿಂದ ತುಕ್ಕು ಶುರುವಾಗುತ್ತದೆ, ಅಲ್ಲಿ ಪಿವಿಸಿ ಅಥವಾ ಅಲ್ಯೂಮಿನಿಯಂ ಚೌಕಟ್ಟೇ ಸರಿ. ಮಲಗುವ ಮುಂಚೆ ಉಗುರಿನಿಂದ ಪರಪರ ಕೆರೆಯುವ ನಾಯಿಯಾದರೆ ತೆಳು ಜಾಲರಿ ಬೇಡ, 600ಡಿ (ಡೆನಿಯರ್, ಅಂದರೆ ನೂಲಿನ ದಪ್ಪದ ಅಳತೆ) ಅಥವಾ ಅದಕ್ಕಿಂತ ದಪ್ಪನೆಯ ಆಕ್ಸ್‌ಫರ್ಡ್ ಬಟ್ಟೆ ನೋಡಿ.

ಮನೆಯಲ್ಲಿ ಹಳೆಯ ನವಾರದ ಹೊರಸಿದ್ದರೆ ಕಾಲು ಕೊಯ್ಸಿ 7 ಇಂಚಿಗೆ ಇಳಿಸಿದರಾಯಿತು. ನವಾರದ ಪಟ್ಟಿಗಳ ನಡುವೆ ಸಂದು ಬಿಡದಂತೆ ಒತ್ತೊತ್ತಾಗಿ ನೇಯಿಸಿ, ಇಲ್ಲವಾದರೆ ಉಗುರೋ ಪಾದವೋ ಸಿಕ್ಕಿಕೊಳ್ಳುತ್ತದೆ.

ನಾಲ್ಕು ತಿಂಗಳೊಳಗಿನ ಮರಿಗೆ, ಹಿಂಗಾಲು ಸೋತ ಮುದಿ ನಾಯಿಗೆ, ಬೆನ್ನುಹುರಿಯ ತೊಂದರೆ ಬರುವ ಡ್ಯಾಶ್‌ಹಂಡ್‌ಗೆ ಎತ್ತರದ ಮಂಚ ಬೇಡ.

ಫೋಮಿನ ಲೆಕ್ಕಾಚಾರ

ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಹಾಸಿಗೆ ಅಂಗಡಿಯವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದು ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಎಂಬುದನ್ನು. ಅದು ಗಟ್ಟಿತನದ ಅಳತೆಯಲ್ಲ, ಬಾಳಿಕೆಯ ಅಳತೆ. 20ರ ಆಸುಪಾಸಿನ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಅಂಗಡಿಯಲ್ಲಿ ಚೆನ್ನಾಗಿಯೇ ಇರುತ್ತದೆ, ಆರು ತಿಂಗಳಲ್ಲಿ ನಡುವೆ ಗುಳಿ ಬೀಳುತ್ತದೆ. ನಾಯಿ ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಮಲಗುವ ಪ್ರಾಣಿ, ಅದೂ ಒಂದೇ ಜಾಗದಲ್ಲಿ.

ಸತ್ಯ ತಿಳಿಯಲು ತಕ್ಕಡಿ ಸಾಕು. 36×24×4 ಇಂಚಿನ ತುಂಡು 32 ಡೆನ್ಸಿಟಿಯದಾದರೆ ಸುಮಾರು 1.8 ಕಿಲೋ, 40 ಡೆನ್ಸಿಟಿಯದಾದರೆ ಸುಮಾರು 2.3 ಕಿಲೋ ತೂಗಬೇಕು. ಒಂದೂಕಾಲು ಕಿಲೋ ತೋರಿಸಿದರೆ ನಿಮಗೆ ಹೇಳಿದ್ದು ಬೇರೆ, ಕೊಟ್ಟದ್ದು ಬೇರೆ. 15 ಕಿಲೋ ಒಳಗಿನ ನಾಯಿಗೆ 32 ಸಾಕು, ಮೇಲಕ್ಕೆ 40 ಕೇಳಿ.

ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡುವ ರೀಬಾಂಡೆಡ್, ಬಣ್ಣಬಣ್ಣದ ಚಿತ್ತಾರದ್ದು, ನೋಡಲು ಚೆನ್ನಲ್ಲ. ಆದರೆ 30 ಕಿಲೋ ದಾಟಿದ ನಾಯಿಯ ಹಾಸಿಗೆಗೆ ಅಡಿಪಾಯವಾಗಿ ಅದಕ್ಕೆ ಸಮನಾದದ್ದಿಲ್ಲ. ಅದೊಂದನ್ನೇ ಹಾಸಿದರೆ ಹಲಗೆಯಂತೆ ಗಟ್ಟಿ. ಕೆಳಗೆ 2 ಇಂಚು ರೀಬಾಂಡೆಡ್, ಮೇಲೆ 2 ಇಂಚು 40 ಡೆನ್ಸಿಟಿ ಫೋಮು ಜೋಡಿಸಿದರೆ ಲ್ಯಾಬ್ರಡಾರ್ ವರ್ಷಗಟ್ಟಲೆ ಮಲಗಬಹುದು.

ಮೆಮೊರಿ ಫೋಮು ಮೈಯ ಬಿಸಿಗೆ ಮೆತ್ತಗಾಗಿ ಎಲುಬಿನ ಆಕಾರಕ್ಕೆ ಕುಸಿಯುತ್ತದೆ, ಭಾರವನ್ನು ಹಂಚುತ್ತದೆ. ಕೀಲುನೋವಿನ ನಾಯಿಗೆ ಇದರಿಂದ ನಿಜಕ್ಕೂ ನೆಮ್ಮದಿ. ಆದರೆ ಬಿಸಿಗೆ ಮೆತ್ತಗಾಗುವ ವಸ್ತು ರಾಯಚೂರಿನ ಮೇ ತಿಂಗಳಲ್ಲಿ ಏನಾಗುತ್ತದೆ ಯೋಚಿಸಿ. ನಾಯಿ ಅದರಲ್ಲಿ ಹೂತುಹೋಗುತ್ತದೆ, ಸುತ್ತ ಗಾಳಿ ಆಡದೆ ಬಿಸಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಪೂರ್ತಿ ಮೆಮೊರಿ ಫೋಮಿನ ಹಾಸಿಗೆ ನಮ್ಮ ಬಯಲುಸೀಮೆಗೆ ಹೊಂದದು. ಗಟ್ಟಿ ಅಡಿಪಾಯದ ಮೇಲೆ ಒಂದೂವರೆಯಿಂದ 2 ಇಂಚಿನ ಪದರ ಸಾಕು. ‘ಆರ್ಥೋಪೆಡಿಕ್’ ಎಂಬ ಚೀಟಿ ಅಂಟಿಸಿದ ಹಾಸಿಗೆಯ ಜಿಪ್ಪು ತೆರೆದು ನೋಡಿ. ಎಷ್ಟೋ ಸಲ ಒಳಗೆ ಇರುವುದು ಮಾಮೂಲಿ ಸ್ಪಂಜೇ, ಇಲ್ಲವೇ ಸ್ಪಂಜಿನ ಚೂರು. ಜಿಪ್ಪೇ ಇಲ್ಲದ ಹಾಸಿಗೆಯನ್ನು ಕೊಳ್ಳಲೇಬೇಡಿ, ಒಳಗೇನಿದೆ ಎಂದು ತೋರಿಸಲು ಮನಸ್ಸಿಲ್ಲದವರ ಮಾಲು ಅದು.

ಉಳಿದವು

ಉಂಗುರದಂಥ ದಂಡೆಯ, ಉದ್ದ ಜೂಲಿನ ‘ಡೋನಟ್’ ಹಾಸಿಗೆಗಳಲ್ಲಿ ಒಳಗೆ ಪಾಲಿಯೆಸ್ಟರ್ ನಾರು ತುಂಬಿರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಚಿಕ್ಕ ನಾಯಿಗೆ ಹಿತ. ಬೆಂಗಳೂರಿನ ಚಳಿಗಾಲಕ್ಕೂ ನಡೆದೀತು. ಮಂಗಳೂರಿನ ಸೆಕೆಗೆ ಅದು ಶಿಕ್ಷೆ. ನಾರು ಒಗೆದಾಗ ಮೂಲೆಗೆ ಸರಿದು ಗಂಟಾಗುತ್ತದೆ, ದೊಡ್ಡ ನಾಯಿಯ ಭಾರವನ್ನು ತಡೆಯುವುದೇ ಇಲ್ಲ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿ ಗದ್ದವನ್ನು ದಂಡೆಯ ಮೇಲಿಟ್ಟು ಉಸಿರು ಸಲೀಸು ಮಾಡಿಕೊಳ್ಳುತ್ತದೆ ನಿಜ, ಅದಕ್ಕೆ ಜೂಲಿಲ್ಲದ ಹತ್ತಿಬಟ್ಟೆಯ, 3–4 ಇಂಚಿನ ದಂಡೆ ಸಾಕು. ಗುಹೆಯಂಥ ಮುಚ್ಚಿದ ಹಾಸಿಗೆ ಮಾತ್ರ ಪಗ್‌ಗೆ ಬೇಡ, ಮೈ ಕಾದರೆ ಅದು ತಣಿಯುವುದು ಕಷ್ಟ.

ತೆಂಗಿನ ನಾರಿನ ಹಾಸಿಗೆ ಗಾಳಿಯಾಡುತ್ತದೆ, ಗಟ್ಟಿಯಾಗಿರುತ್ತದೆ. ಆದರೆ ಒಮ್ಮೆ ಉಚ್ಚೆ ಇಳಿದರೆ ಆ ನಾತ ಹೋಗುವುದಿಲ್ಲ, ಒಗೆಯಲೂ ಬಾರದು. ಕೆರೆಯುವ ನಾಯಿ ನಾರನ್ನು ಹೊರಗೆಳೆಯುತ್ತದೆ. ಹತ್ತಿಯ ಹಾಸಿಗೆಗೂ ಇದೇ ಕತೆ, ಜೊತೆಗೆ ಗಂಟು ಬಿದ್ದಾಗ ಮತ್ತೆ ಹಿಂಜಿಸಬೇಕು. ಥರ್ಮಾಕೋಲ್ ಕಾಳು ತುಂಬಿದ ಬೀನ್‌ಬ್ಯಾಗ್ ಹರಿದ ದಿನ ಮನೆಯಲ್ಲಿ ಹಿಮಪಾತ, ನಾಯಿಯ ಮೂಗಿನೊಳಗೂ. ಬೆತ್ತದ ಬುಟ್ಟಿ ಚಿತ್ರದಲ್ಲಿ ಚೆಂದ, ಕಡಿಯುವ ನಾಯಿಯ ಬಾಯಲ್ಲಿ ಸಿಬಿರು.

ತಂಪು ಜೆಲ್ ಮ್ಯಾಟಿನ ಬಗ್ಗೆ ಜಾಹೀರಾತು ಹೇಳದ ಸಂಗತಿಯೊಂದಿದೆ. ಅದು ತಂಪನ್ನು ಹುಟ್ಟಿಸುವುದಿಲ್ಲ, ನಾಯಿಯ ಬಿಸಿಯನ್ನು ಹೀರುತ್ತದೆ ಅಷ್ಟೇ. ನಾಯಿಯ ಮೈ ಸುಮಾರು 38.5 ಡಿಗ್ರಿ. ಕೋಣೆ 27 ಡಿಗ್ರಿ ಇದ್ದರೆ ಹೀರಲು ಜಾಗವಿದೆ. ಕೋಣೆಯೇ 38ಕ್ಕೆ ಬಂದರೆ ಜೆಲ್ಲೂ 38, ಆಗ ಅದು ಬರೀ ಪ್ಲಾಸ್ಟಿಕ್ ಹಾಳೆ. ಬೆಂಗಳೂರಿನ ಏಪ್ರಿಲ್‌ಗೆ ಸರಿ, ಕಲಬುರಗಿಯ ಮೇ ತಿಂಗಳಿಗೆ ದಂಡ. ಕಲಬುರಗಿ, ಬಳ್ಳಾರಿಯ ಒಣ ಬಿಸಿಲಿಗೆ ಎತ್ತರದ ಮಂಚದ ಕೆಳಗೆ ನೀರು ಚಿಮುಕಿಸಿದ ಗೋಣಿ ಹಾಸಿ ಫ್ಯಾನು ಹಾಕಿದರೆ ಹೆಚ್ಚು ಕೆಲಸವಾಗುತ್ತದೆ, ನೀರು ಆರುವಾಗ ಬಿಸಿ ಎಳೆದೊಯ್ಯುತ್ತದೆ. ಇದೇ ಉಪಾಯ ಕರಾವಳಿಯಲ್ಲಿ ನಡೆಯದು. ಅಲ್ಲಿನ ಗಾಳಿಯಲ್ಲೇ ನೀರು ತುಂಬಿರುವಾಗ ಗೋಣಿ ಆರುವುದು ಎಲ್ಲಿಂದ? ಮತ್ತೆ, ಬೇಸಿಗೆಯಲ್ಲಿ ನಾಯಿ ಹಾಸಿಗೆ ಬಿಟ್ಟು ರೆಡ್ ಆಕ್ಸೈಡ್ ನೆಲಕ್ಕೋ ಬಚ್ಚಲುಮನೆ ಬಾಗಿಲಿಗೋ ಹೋಗಿ ಮಲಗಿದರೆ ಬೈಯಬೇಡಿ. ಅದಕ್ಕೆ ತನ್ನ ಮೈ ಗೊತ್ತು.

ಮರಿ, ಮುದಿ

ಮರಿಗೆ ಮೂರೂವರೆ ತಿಂಗಳಿಂದ ಏಳು ತಿಂಗಳವರೆಗೆ ಹಲ್ಲು ಬದಲಾಗುವ ಕಾಲ. ಆಗ ತಂದ ದುಬಾರಿ ಹಾಸಿಗೆ ದೊಡ್ಡ ಆಟಿಕೆ ಅಷ್ಟೇ. ಗುಂಡಿ, ಜಿಪ್ಪಿನ ಹಿಡಿಕೆ, ಸ್ಪಂಜಿನ ತುಂಡು ಎಲ್ಲವೂ ಹೊಟ್ಟೆಗೆ. ಕೆಳಗೆ ಹಳೆ ಪತ್ರಿಕೆ, ಮೇಲೆ ಮಗುವಿಗೆ ಹಾಸುವ ಡ್ರೈ ಶೀಟ್, ಅದರ ಮೇಲೆ ಕೌದಿ. ಇಂಥ ಮೂರು ಜೊತೆ ಇದ್ದರೆ ಒಂದು ಹಾಸಿ, ಒಂದು ಒಗೆದು, ಒಂದು ಒಣಗಲು ಹಾಕಿ ಕಾಲ ಕಳೆಯಬಹುದು. ಬೆಳೆದ ಮೇಲಿನ ಅಳತೆಗೆ ಹಾಸಿಗೆ ಕೊಳ್ಳಲು ಲ್ಯಾಬ್ರಡಾರ್‌ಗೆ ಒಂದು ವರ್ಷ, ದೈತ್ಯ ತಳಿಗಳಿಗೆ ಒಂದೂವರೆ ವರ್ಷ ಕಾಯಿರಿ.

ಮುದಿ ನಾಯಿಗೆ ಎತ್ತರ 4–5 ಇಂಚು (ದೈತ್ಯ ತಳಿಗೆ ತುಸು ಹೆಚ್ಚು) ಮೀರದ, ಏಳುವಾಗ ಕುಸಿಯದ ಗಟ್ಟಿ ಅಂಚಿನ ಹಾಸಿಗೆ ಬೇಕು. ಅಡಿಯಲ್ಲಿ ಜಾರದ ರಬ್ಬರ್ ಚುಕ್ಕಿಯ ಬಟ್ಟೆ ಕಡ್ಡಾಯ. ಸೊಂಟದ ಕೀಲು ಸವೆದ ನಾಯಿ ಎದ್ದು ನಿಲ್ಲುವಾಗ ಹಾಸಿಗೆ ಟೈಲ್ಸ್ ಮೇಲೆ ಜಾರಿದರೆ ಹಿಂಗಾಲು ಸೀಳಿದಂತೆ ಅಗಲಿ ಬೀಳುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೂ ಒರಟು ಮ್ಯಾಟ್ ಹಾಸಿ. ಏಳಲಾಗದ ನಾಯಿಯನ್ನು ಎಂಥ ಹಾಸಿಗೆಯಿದ್ದರೂ 2ರಿಂದ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಸೊಂಟದ ಎಲುಬಿನ ಮೇಲೆ ಹಾಸಿಗೆಹುಣ್ಣು ಏಳುತ್ತದೆ. ಮೂತ್ರ ಹಿಡಿಯಲಾಗದಿದ್ದರೆ ಕವರಿನ ಒಳಗೆ, ಫೋಮಿನ ಮೇಲೆ ಡ್ರೈ ಶೀಟ್ ಬರಲಿ. ಫೋಮನ್ನು ಸುತ್ತಲೂ ಪ್ಲಾಸ್ಟಿಕ್‌ನಲ್ಲಿ ಸುತ್ತಿಬಿಡಬೇಡಿ. ಒಳಗಿನ ಗಾಳಿ ಹೊರಹೋಗದೆ ಹಾಸಿಗೆ ಬಲೂನಿನಂತೆ ಉಬ್ಬಿ ನಿಲ್ಲುತ್ತದೆ, ನಾಯಿ ಜಾರುತ್ತದೆ. ಮೇಲ್ಭಾಗ ಮತ್ತು ಬದಿ ಮುಚ್ಚಿ, ಅಡಿ ಬಿಡಿ.

ಹೊಲಿಸುವುದಾದರೆ

15 ಕಿಲೋ ಮೇಲಿನ ನಾಯಿಗೆ ಸಿದ್ಧ ಹಾಸಿಗೆಗಿಂತ ಊರಿನ ಹಾಸಿಗೆ ಅಂಗಡಿಯಲ್ಲಿ ಫೋಮು ಕೊಯ್ಸಿ, ದರ್ಜಿಯಿಂದ ಕವರು ಹೊಲಿಸುವುದೇ ಲೇಸು. ಅಳತೆಗೆ ಸರಿಯಾಗಿ ಬರುತ್ತದೆ, ಒಳಗಿರುವುದು ಏನೆಂದು ಗೊತ್ತಿರುತ್ತದೆ, ಕವರು ಹರಿದರೆ ಕವರಷ್ಟೇ ಬದಲು.

36×24×4 ಇಂಚಿನ ಹಾಸಿಗೆಗೆ 54 ಇಂಚು ಪನ್ನದ (ಅಗಲದ) ದಪ್ಪ ಕ್ಯಾನ್ವಾಸ್ ಅಥವಾ ಡೆನಿಮ್ ಒಂದೂವರೆ ಮೀಟರ್ ಸಾಕು. ಕತ್ತರಿಸುವ ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಒಣಗಿಸಿ. ಹಾಗೆಯೇ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ, ಫೋಮು ತೂರಿಸಲು ಇಬ್ಬರು ಕುಸ್ತಿ ಮಾಡಬೇಕಾಗುತ್ತದೆ. 37×25 ಇಂಚಿನ ಎರಡು ತುಂಡು ಪಕ್ಕಪಕ್ಕದಲ್ಲೇ ಸಿಗುತ್ತವೆ. ಬದಿಗೆ 5 ಇಂಚು ಅಗಲದ ಮೂರು ಪಟ್ಟಿ ಅಡ್ಡಕ್ಕೆ ಕೊಯ್ದು ಜೋಡಿಸಿದರೆ ಸುತ್ತಳತೆಯ 120 ಇಂಚು ತುಂಬಿ ಮಿಗುತ್ತದೆ. ಜಿಪ್ಪು ಒಂದು ಉದ್ದ ಬದಿ ಮತ್ತು ಮೂಲೆ ತಿರುಗಿ ಅಗಲದ ಅರ್ಧದವರೆಗೆ, ಒಟ್ಟು 48 ಇಂಚು ಇರಲಿ. ಒಂದೇ ಬದಿಗೆ ಇಟ್ಟರೆ ಫೋಮು ಮಡಚಿ ತೂರಿಸುವಾಗ ಹರಿಯುತ್ತದೆ. ಜಿಪ್ಪಿನ ಹಿಡಿಕೆಯನ್ನು ಕತ್ತರಿಸಿ ತೆಗೆದುಬಿಡಿ, ಬೇಕಾದಾಗ ಪಿನ್ನು ಸಿಕ್ಕಿಸಿ ಎಳೆದರಾಯಿತು. ನಾಯಿಗೆ ಕಚ್ಚಲು ಏನೂ ಉಳಿಯದು. ಹೊಲಿಗೆ ಎರಡು ಸಾಲು, ದಾರ ಪಾಲಿಯೆಸ್ಟರ್‌ನದು. ವೆಲ್ವೆಟ್ ಬೇಡ, ಕೂದಲು ಹಿಡಿದರೆ ಬಿಡದು. ರೆಗ್ಜಿನ್ ಒರೆಸಲು ಸುಲಭ, ಆದರೆ ಬೇಸಿಗೆಯಲ್ಲಿ ಹೊಟ್ಟೆಯ ಬರೀ ಚರ್ಮಕ್ಕೆ ಅಂಟುತ್ತದೆ. ಕವರು ಎರಡು ಹೊಲಿಸಿ, ಕರಾವಳಿ ಮತ್ತು ಮಲೆನಾಡಿನವರು ಮೂರು.

ಒಗೆತ ಮತ್ತು ಉಣ್ಣಿ

ಕವರು ವಾರಕ್ಕೊಮ್ಮೆ. ಮೊದಲು ಒಣಗಿದ್ದಾಗಲೇ ಒದ್ದೆ ಮಾಡಿದ ರಬ್ಬರ್ ಗ್ಲೌಸಿನಿಂದ ಸವರಿ ಕೂದಲು ತೆಗೆಯಿರಿ, ಇಲ್ಲವಾದರೆ ಮೆಷಿನ್ನಿನ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತಣ್ಣೀರಿನಲ್ಲಿ ಒಗೆದರೆ ಕೊಳೆ ಹೋಗುತ್ತದೆ, ಚಿಗಟದ ಮೊಟ್ಟೆ ಹೋಗುವುದಿಲ್ಲ. 60 ಡಿಗ್ರಿ ನೀರು ಬೇಕು. ಮೆಷಿನ್ನಿನಲ್ಲಿ ಬಿಸಿ ಇಲ್ಲದಿದ್ದರೆ ಹಂಡೆಯ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ಹಾಕಿ. ಸೋಪು ಅರ್ಧ, ಜಾಲಿಸುವುದು ಎರಡು ಸಲ. ಫೆನಾಯಿಲ್ ಚಿಮುಕಿಸುವ ಅಭ್ಯಾಸ ಬಿಡಿ, ಚರ್ಮ ಸುಡುತ್ತದೆ, ನೆಕ್ಕಿದರೆ ಒಳಗೂ ಹೋಗುತ್ತದೆ. ಉಚ್ಚೆಯ ವಾಸನೆಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಅಮೋನಿಯಾ ಇರುವ ಕ್ಲೀನರ್ ಬಳಸಿದರೆ ನಾಯಿಯ ಮೂಗಿಗೆ ಅದೇ ಉಚ್ಚೆಯಂತೆ ನಾರಿ, ಅಲ್ಲೇ ಮತ್ತೆ ಕಾಲೆತ್ತುತ್ತದೆ.

ನಾಯಿಯ ಕಂದು ಉಣ್ಣಿ ಮನೆಯೊಳಗೇ ಸಂಸಾರ ಹೂಡುವಂಥದ್ದು. ರಕ್ತ ಹೀರಿ ಉಬ್ಬಿದ ಹೆಣ್ಣು ಮೈಯಿಂದ ಉದುರಿ ಹಾಸಿಗೆಯ ಹೊಲಿಗೆಯಲ್ಲೋ, ಗೋಡೆಯ ಬಿರುಕಿನಲ್ಲೋ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಔಷಧಿ ಹಾಕಿ ಹಾಸಿಗೆಯನ್ನು ಹಾಗೇ ಬಿಟ್ಟರೆ ಕೆಲವು ವಾರಕ್ಕೆ ಮತ್ತೆ ಅದೇ ಪಾಡು. ಹಾಸಿಗೆ ಒಗೆದು ಗೋಡೆಯ ಸಂದು ಬಿಟ್ಟರೂ ಅಷ್ಟೇ. ಒಗೆದ ದಿನವೇ ಹಾಸಿಗೆಯ ಅಡಿ, ಸ್ಕರ್ಟಿಂಗ್ ಟೈಲ್ಸಿನ ಸಂದು, ಬಾಗಿಲ ಚೌಕಟ್ಟನ್ನು ವ್ಯಾಕ್ಯೂಮ್ ಮಾಡಿ, ಧೂಳಿನ ಚೀಲವನ್ನು ಕಟ್ಟಿ ಎಸೆಯಿರಿ. ಹತ್ತಿಯ ಕವರಾದರೆ ಹೊಲಿಗೆ ಸಾಲಿನ ಮೇಲೆ ಇಸ್ತ್ರಿ ಎಳೆಯಿರಿ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಸ್ಪ್ರೇಯನ್ನು ನಾಯಿ ಹಾಸಿಗೆಗೆ ಹೊಡೆಯಬೇಡಿ. ನಾಯಿ ತಾಳುತ್ತದೆ, ಆ ಹಾಸಿಗೆಯಲ್ಲಿ ಬಂದು ಮಲಗುವ ಬೆಕ್ಕು ಸಾಯಬಹುದು. ಮಲೆನಾಡಿನಲ್ಲಿ ಕಾಡಂಚಿಗೆ ಹೋಗಿ ಬಂದ ನಾಯಿಯನ್ನು, ಅದೂ ಮಂಗನ ಕಾಯಿಲೆಯ ಕಾಲದಲ್ಲಿ, ಬಾಗಿಲ ಹೊರಗೇ ಬಾಚಿ ನೋಡಿ ಆಮೇಲೆ ಹಾಸಿಗೆಗೆ ಬಿಡಿ. ಆ ಕಾಯಿಲೆ ಮನುಷ್ಯರಿಗೆ ಬರುವುದೂ ಉಣ್ಣಿಯಿಂದಲೇ.

ಫೋಮನ್ನು ಮೆಷಿನ್ನಿಗೆ ಹಾಕಬೇಡಿ, ಹರಿದು ಚೂರಾಗುತ್ತದೆ. ನೆನೆದರೆ ಹಿಂಡದೆ, ಒಣ ಟವೆಲ್ಲಿಟ್ಟು ಮೇಲೆ ನಿಂತು ತುಳಿದು ನೀರು ತೆಗೆಯಿರಿ, ನಂತರ ನಿಲ್ಲಿಸಿ ಫ್ಯಾನಿನ ಗಾಳಿಗೆ ಇಡಿ. ನಾಲ್ಕು ಇಂಚಿನದು ಒಳಗಿನವರೆಗೆ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ. ದಿನಗಟ್ಟಲೆ ಸುಡುಬಿಸಿಲಿಗೆ ಹಾಕಿದರೆ ಫೋಮು ಹಳದಿಯಾಗಿ ಪುಡಿ ಉದುರುತ್ತದೆ. ಕರಾವಳಿಯವರು ಮಳೆಗಾಲ ಹಿಡಿಯುವ ಮುನ್ನ ಫೋಮನ್ನು ಎತ್ತಿಟ್ಟು ಸೆಪ್ಟೆಂಬರ್‌ವರೆಗೆ ಮಂಚ ಮತ್ತು ಎರಡು ಕೌದಿಯಲ್ಲಿ ಸಾಗಿಸುವುದೇ ಮೇಲು.

ಹಾಸಿಗೆ ಬದಲಿಸುವ ಹೊತ್ತು ಬಂತೇ ಎಂದು ನೋಡಲು ಕವರು ಬಿಚ್ಚಿ, ನಾಯಿ ಮಲಗುವ ಜಾಗದಲ್ಲಿ ಫೋಮಿನ ದಪ್ಪ ಅಳೆದು, ಮಲಗದ ಮೂಲೆಯ ದಪ್ಪದೊಂದಿಗೆ ಹೋಲಿಸಿ. ನಾಲ್ಕು ಇಂಚಿನ ಫೋಮಿನಲ್ಲಿ ಅರ್ಧ ಇಂಚಿನವರೆಗಿನ ಗುಳಿಗೆ ಫೋಮನ್ನು ಮಗುಚಿ ಹಾಕಿದರೆ ಸಾಕು. ಒಂದು ಇಂಚು ಮುಟ್ಟಿದ್ದರೆ ಮೇಲಿನ ಪದರವನ್ನಷ್ಟೇ ಹೊಸದಾಗಿ ಕೊಯ್ಸಿ ತನ್ನಿ, ಕೆಳಗಿನ ರೀಬಾಂಡೆಡ್ ಇನ್ನೂ ಒಂದು ನಾಯಿಯ ಆಯುಷ್ಯಕ್ಕೆ ಬಂದೀತು.